ನಮ್ಮತ್ತೆಗೆ ಬಿಳಿ ಕಣ ಕಡಿಮೆ!

ನಮ್ಮತ್ತೆಯ ಮೈಯಲ್ಲಿ ಜಗಳಾಡುವವರು ಕಡಿಮೆಯಾಗಿದ್ದಾರೆ ಎಂದು ಬಾಗಲಕೋಟೆಯ ಡಾಕ್ಟರೊಬ್ಬರು ಹೇಳಿದ ದಿನ ಇಳಕಲ್ಲಿನಲ್ಲಿ ಅರ್ಧ ಊರು ನಕ್ಕಿತು, ಇನ್ನರ್ಧ ಊರು ನಂಬಲಿಲ್ಲ. ನಂಬದವರ ಪೈಕಿ ಮೊದಲನೆಯವಳು ನಮ್ಮತ್ತೆಯೇ. ಡಾಕ್ಟರರ ಮೇಲೆ ಮಾನನಷ್ಟದ ದಾವೆ ಹೂಡುತ್ತೇನೆಂದು ಹುನಗುಂದದ ವಕೀಲರ ಮನೆಯವರೆಗೂ ಹೋಗಿ ಬಂದಳು. ವಕೀಲರು ಮನೆಯಲ್ಲಿರಲಿಲ್ಲವಂತೆ. ಇದ್ದೂ ಇಲ್ಲವೆಂದು ಹೇಳಿಸಿದ್ದರು ಎಂಬುದು ನನ್ನ ಗುಮಾನಿ. ಯಾಕೆಂದರೆ ಹಿಂದೊಮ್ಮೆ ಅವರ ಜೊತೆಗೂ ಇವಳ ಜಗಳವಾಗಿತ್ತು!

ನೀವು ನಗುತ್ತೀರಿ, ನನಗೆ ಗೊತ್ತು. ನಾನು ಮಾತ್ರ ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ವರ್ಷದ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ. ಸಿಟ್ಟು ನಮ್ಮ ಮನೆತನದ ಆಸ್ತಿ. ನಮ್ಮಪ್ಪನ ಪಾಲಿಗೆ ಹೊಲ ಬಂತು, ಅಪ್ಪನ ಅಕ್ಕನಾದ ಈ ಅತ್ತೆಯ ಪಾಲಿಗೆ ಸಿಟ್ಟು ಬಂತು, ಅವಳು ಖರ್ಚು ಮಾಡಿ ಉಳಿದದ್ದು ನನಗೆ ಬಂತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಾನು ಬಾದಾಮಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಿಜ್ಞಾನದ ಟೀಚರು ಎಂಬ ಒಂದೇ ಕಾರಣಕ್ಕೆ ಡಾಕ್ಟರರ ಮಾತನ್ನು ಅತ್ತೆಗೆ ತಿಳಿಸಿ ಹೇಳುವ ಕರ್ಮ ನನ್ನ ಕೊರಳಿಗೆ ಬಿತ್ತು. ಹುಡುಗಿಯರಿಗೆ ಪಾಠ ಹೇಳಬಹುದು, ಗೋಡೆಗೂ ಹೇಳಬಹುದು. ನಮ್ಮತ್ತೆಗೆ? ಹೇಳಿ ನೋಡಬೇಕಿತ್ತು ನೀವು!

ಅವಳ ಜಗಳಕ್ಕೆ ಇಂಥವರೇ ಆಗಬೇಕೆಂದಿರಲಿಲ್ಲ. ಒಮ್ಮೆ ಹುನಗುಂದದಿಂದ ಇಳಕಲ್ಲಿಗೆ ಬರುವ ಬಸ್ಸಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಮಾತ್ರ "ಮುಂದ ಸರೀರಿ, ಮುಂದ ಸರೀರಿ" ಎಂದು ಒಂದೇ ಸಮನೆ ಒದರುತ್ತಿದ್ದ. ಅತ್ತೆ ಸರಿದಳು. ಮತ್ತೆ ಸರಿದಳು. "ಇನ್ನೊಂಚೂರು ಸರೀಬೇ ಯವ್ವಾ" ಎಂದ ಪುಣ್ಯಾತ್ಮ.

"ಇನ್ನೆಷ್ಟ ಸರೀಲೋ? ಡ್ರೈವರನ ತೊಡಿ ಮ್ಯಾಲೆ ಕುಂದರ್ಲೇನು? ಆಮ್ಯಾಲೆ ಅಂವಾ ಎಲ್ಲಿ ಸರೀತಾನ, ಹೊರಗ ದೀಪದ ಮ್ಯಾಲೇನು?"

ಬಸ್ಸಿಗೆ ಬಸ್ಸೇ ಹೋ ಎಂದು ನಕ್ಕಿತು. ಡ್ರೈವರು ಗಾಬರಿಬಿದ್ದು ಹಿಂದೆ ತಿರುಗಿ ನೋಡಿದ. "ಮುಂದ ನೋಡಿ ಹೊಡಿಯೋ ನಮ್ಮಪ್ಪಾ!" ಎಂದು ಅವನಿಗೂ ಒಂದು ಬಿತ್ತು.

ಮನುಷ್ಯರಾದರೂ ಹೋಗಲಿ, ರೇಡಿಯೋ ಏನು ಮಾಡಿತ್ತು? ಸಂಜೆಯ ವಾರ್ತೆಯ ಕೊನೆಗೆ ಆ ಮನುಷ್ಯ ಪಾಪ, ಉತ್ತರ ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದೆ ಎನ್ನುತ್ತಿದ್ದ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ರೇಡಿಯೋದ ಮುಂದೆ ಆಡಿಸಿ, "ಅದನ್ನ ಹೇಳಾಕ ನೀ ಬೇಕೇನೋ? ಅಂಗಳಕ್ಕ ಹೋದ್ರ ನನಗ ಗೊತ್ತಾಗ್ತೈತಿ. ಒಣಹವಾ ಅಂತ ಹೇಳಾಕ ಪಗಾರ ಬ್ಯಾರೆ ತಗೋತಾನಿಂವಾ!" ಎನ್ನುತ್ತಿದ್ದಳು. ಬೈಗುಳ ಮುಗಿಯುವವರೆಗೆ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿ ಮಾಮಾನ ತಾಟಿಗೆ ಹೋಗುತ್ತಿತ್ತು.

ಮಾಮಾ ಅಂದರೆ ಅತ್ತೆಯ ಗಂಡ. ಇಳಕಲ್ಲಿನ ಪೇಟೆಯಲ್ಲಿ ಸೀರೆ ಮತ್ತು ಖಣದ ಸಣ್ಣ ಅಂಗಡಿ ಅವರದು. ಖಣ ಗೊತ್ತಲ್ಲ? ಗುಳೇದಗುಡ್ಡದ ಕಡೆ ನೇಯುವ ಕುಪ್ಪಸದ ಬಟ್ಟೆ. ಕೆಂಪು, ಹಸಿರು, ನೀಲಿ, ಜಾಂಬಳಿ, ಮೈತುಂಬ ಸಣ್ಣ ಸಣ್ಣ ಹೂವು. ನಮ್ಮ ಕಡೆ ಖಣವಿಲ್ಲದೆ ಮುತ್ತೈದೆಯ ಉಡಿ ತುಂಬುವುದಿಲ್ಲ. ಮಾಮಾ ಮಾತು ಕಡಿಮೆಯ ಮನುಷ್ಯ. ಅಂಗಡಿಯಲ್ಲಿ ಮಾತ್ರ ಸ್ವಲ್ಪ ಬಾಯಿ ತೆರೆಯುತ್ತಿದ್ದರು. ಖಣವನ್ನು ಒಂದು ಕೈಯಿಂದ ಪಟ್ಟನೆ ಬಿಚ್ಚಿ, ಅಂಚನ್ನು ಬೆಳಕಿಗೆ ಹಿಡಿದು, "ನೋಡ್ರಿ ಬಾಯಾರ, ಹೊಸಾ ಮಾಲು" ಎನ್ನುತ್ತಿದ್ದರು. ಮನೆಗೆ ಬಂದರೆ ಅಷ್ಟೂ ಇಲ್ಲ. ಅತ್ತೆ ಏನೇ ಬೈಯಲಿ, ಅವರ ಉತ್ತರ "ಹೌದು" ಎಂಬ ಒಂದೇ ಶಬ್ದ.

"ಬುದ್ಧಿ ಐತೇನ್ರಿ ನಿಮಗ?"

"ಹೌದು."

"ಏನ್ ಹೌದು? ಐತಿ ಅಂತ ಹೌದೋ, ಇಲ್ಲ ಅಂತ ಹೌದೋ?"

"ಹೌದು."

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆ ಗಂಡನಿಗೆ ಎಷ್ಟೇ ಬೈದರೂ ಆ "ರಿ" ಬಿಡುತ್ತಿರಲಿಲ್ಲ. ಮಾನ ಕಳೆಯುತ್ತಿದ್ದಳು, ಮರ್ಯಾದೆ ಮಾತ್ರ ಕಳೆಯುತ್ತಿರಲಿಲ್ಲ! "ಮಂಗ್ಯಾ ಅದೀರಿ ನೀವು" ಎಂದು ಗಂಡನಿಗೆ ಬಹುವಚನದಲ್ಲಿ ಬೈದ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಅಂಗಡಿಯ ಕೆಳಗಿನ ಖಾನೆಯಲ್ಲಿ ಒಂದು ಬಿಳಿ ಖಣ ಬಿದ್ದಿತ್ತು. ಯಾವಾಗಲೋ ನೇಕಾರರ ಗಂಟಿನಲ್ಲಿ ತಪ್ಪಿ ಬಂದದ್ದು. ಬಿಳಿ ಖಣ ಯಾರಿಗೆ ಬೇಕು? ಮುತ್ತೈದೆಯರು ಮುಟ್ಟುವುದಿಲ್ಲ. ಗಂಡ ಹೋದವರು ಹೂವಿನ ಖಣ ತೊಡುವುದಿಲ್ಲ. ವಾಪಸ್ ಕೊಡಲು ಮಾಮಾನಿಗೆ ಸಂಕೋಚ. "ಗಿರಾಕಿ ಇಲ್ಲದ ಮಾಲು ಇಟಗೊಂಡು ಕುಂತೀರಿ, ಅಪಶಕುನ!" ಎಂದು ಅತ್ತೆ ವರ್ಷಕ್ಕೊಮ್ಮೆ, ದೀಪಾವಳಿಗೆ ಅಂಗಡಿ ಝಾಡಿಸುವಾಗ, ಅದರ ಹೆಸರಿನಲ್ಲಿ ಒಂದು ಜಗಳ ತಪ್ಪದೆ ಮಾಡುತ್ತಿದ್ದಳು. ಮಾಮಾ "ಹೌದು" ಎಂದು ಅದನ್ನು ಇನ್ನಷ್ಟು ಹಿಂದಕ್ಕೆ ನೂಕುತ್ತಿದ್ದರು.

ಜಗಳವೇನೋ ಸರಿ. ಜಗಳವಾದ ಮೇಲೆ ಅತ್ತೆಗೆ ತಲೆನೋವು ಬರುತ್ತಿತ್ತು. ಬರದೆ ಏನು ಮಾಡೀತು! ತಲೆನೋವು ಬಂದರೆ ಗುಳಿಗೆ. ಆಗಿನ ಕಾಲದಲ್ಲಿ ನಮ್ಮ ಕಿರಾಣಿ ಅಂಗಡಿಯವರಿಗೆ ನಾಚಿಕೆ ಎಂಬುದಿರಲಿಲ್ಲ. ಪೆಪ್ಪರಮೆಂಟಿನ ಬರಣಿಯ ಪಕ್ಕದಲ್ಲೇ ತಲೆನೋವಿನ ಗುಳಿಗೆಯ ಬರಣಿ. ಬೆಲ್ಲ ಕೊಂಡವರಿಗೂ ಗುಳಿಗೆ, ಬೀಡಿ ಕೊಂಡವರಿಗೂ ಗುಳಿಗೆ. ಯಾವ ಡಾಕ್ಟರು ಬರೆದುಕೊಟ್ಟ, ಎಷ್ಟು ತಗೋಬೇಕು, ಕೇಳುವವರು ಯಾರು? ಅತ್ತೆಯ ಸೆರಗಿನ ಗಂಟಿನಲ್ಲಿ ಸದಾ ನಾಲ್ಕಾರು ಗುಳಿಗೆ ಇರುತ್ತಿದ್ದವು. ಬೆಳಿಗ್ಗೆ ಹಾಲಿನವನ ಜೊತೆ ಜಗಳ, ಒಂದು ಗುಳಿಗೆ. ಮಧ್ಯಾಹ್ನ ನಳದ ಹತ್ತಿರ ಜಗಳ, ಇನ್ನೊಂದು. ಸಂಜೆಗೆ ರೇಡಿಯೋ. ತಾನು ತಿನ್ನುವುದಲ್ಲದೆ, ಜಗಳದಲ್ಲಿ ಎದುರಾಳಿಯಾಗಿದ್ದವಳಿಗೂ "ತಗೋಬೇ, ನಿನಗೂ ತಲಿ ನೊಂದಿರಬೇಕು" ಎಂದು ಗಂಟು ಬಿಚ್ಚಿ ಕೊಡುತ್ತಿದ್ದಳು. ಇಂಥವಳ ಮೇಲೆ ಸಿಟ್ಟು ಮಾಡಿಕೊಂಡಾದರೂ ಎಷ್ಟು ಹೊತ್ತು ಕೂಡುವುದು?

ಹೀಗಿರುವಾಗ ಅವಳಿಗೆ ಮೇಲಿಂದ ಮೇಲೆ ಗಂಟಲು ಹುಣ್ಣಾಗತೊಡಗಿತು. ಬಾಯಲ್ಲಿ ಗುಳ್ಳೆ, ಸಣ್ಣ ಜ್ವರ, ಮತ್ತೆ ನಾಲ್ಕು ದಿನ ಆರಾಮ, ಮತ್ತೆ ಗಂಟಲು. "ಬೈದು ಬೈದು ಗಂಟಲಾ ಕೆಟ್ಟೈತಿ" ಎಂದರು ಓಣಿಯವರು. ಇಳಕಲ್ಲಿನ ಡಾಕ್ಟರರು ರಕ್ತ ತೋರಿಸಿಕೊಂಡು ಬರಲು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕಳಿಸಿದರು. ಮಾಮಾ ಅವಳನ್ನು ಕರೆದುಕೊಂಡು ಬಂದರು, ಬಾದಾಮಿಯಿಂದ ನಾನು ರಜೆ ಹಾಕಿ ಅಲ್ಲಿಗೆ ಹೋದೆ.

ರಕ್ತ ತೆಗೆಯುವ ಕೋಣೆಯಲ್ಲಿ ಆದದ್ದನ್ನು ಏನಂತ ಹೇಳಲಿ! ಸೂಜಿ ಹಿಡಿದವನನ್ನು ಅತ್ತೆ ಮೇಲಿಂದ ಕೆಳಗೆ ನೋಡಿದಳು.

"ಎಷ್ಟ ತಗೋತಿ?"

"ಭಾಳ ಏನಿಲ್ಲಬೇ ಯವ್ವಾ, ಇಷ್ಟ, ಈ ನಳಿಗಿ ತುಂಬ."

"ಇಷ್ಟ್ಯಾಕ ಬೇಕು ನಿನಗ? ಚಹಾ ಕಾಸ್ತೀಯೇನು? ನೋಡೋದಕ್ಕ ಒಂದ ಹನಿ ಸಾಲಂಗಿಲ್ಲ? ನೋಡಿಯಾದ ಮ್ಯಾಲೆ ಉಳದದ್ದು ವಾಪಸ್ ಕೊಡ್ತೀಯಿಲ್ಲ?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಮಧ್ಯಾಹ್ನ ರಿಪೋರ್ಟು ಬಂತು. ಡಾಕ್ಟರರು ಮೈಸೂರು ಕಡೆಯವರು, ಆಗಷ್ಟೇ ನಮ್ಮ ಸೀಮೆಗೆ ಬಂದವರು. ಮಾತು ಬಹಳ ನಯ. ಅದೇ ಕೆಟ್ಟದ್ದಾಯಿತು. "ನೋಡಿ ತಾಯಿ, ಗಾಬರಿ ಆಗಬೇಡಿ. ನಿಮಗೆ ಬಿಳಿ ಕಣ ಕಡಿಮೆ ಇದೆ" ಎಂದರು.

ನಮ್ಮ ಕಡೆಯ ನಾಲಿಗೆಗೆ "ಖ"ದ ಹಂಗಿಲ್ಲ. ಖಣವೂ ಕಣವೇ, ರಕ್ತದ ಕಣವೂ ಕಣವೇ, ಜೋಳ ತುಳಿಸುವ ಕಣವೂ ಕಣವೇ. ಡಾಕ್ಟರರಿಗೆ ಇದು ಎಲ್ಲಿ ಗೊತ್ತು!

ಮೊದಲು ಮಾಮಾ ಬಾಯಿ ತೆರೆದರು. ಅಪರೂಪಕ್ಕೆ ವ್ಯಾಪಾರದ ಮಾತು ಬಂದಿತ್ತಲ್ಲ. "ಹೌದ್ರಿ ಸಾಹೇಬ್ರ. ಬಿಳಿ ಕಣ ನಾವು ತರ್ಸೂದ ಇಲ್ರಿ. ಒಂದ ಐತಿ, ಅದೂ ಗಿರಾಕಿ ಇಲ್ಲದ ಹಂಗ ಬಿದ್ದೈತಿ. ನಿಮಗ ಬೇಕಾಗಿತ್ತೇನ್ರಿ?"

ಡಾಕ್ಟರರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಬೆಂಚಿನ ಮೇಲೆ ತನ್ನ ಪಾಳಿಗೆ ಕಾದು ಕೂತಿದ್ದ ಕಲಾದಗಿಯ ರೈತನೊಬ್ಬ, "ನಮ್ಮ ಕಣದಾಗೂ ಈ ವರ್ಷ ಬಿಳಿಜ್ವಾಳ ಕಡಿಮಿನ ಬಿಡ್ರಿ" ಎಂದು ಸಮಾಧಾನ ಹೇಳಿದ. ಅಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ನನಗೆ ಇನ್ನು ಉಳಿಗಾಲವಿಲ್ಲ ಅನಿಸಿತು.

"ಏನಂದಿ? ಬಿಳಿ ಕಣಾ? ನನಗ? ಇಲ್ಲಿ ನೋಡೋ, ನನ್ನ ಗಂಡ ಗುಂಡಕಲ್ಲ ಇದ್ದಂಗ ಮುಂದ ಕುಂತಾರ, ನನ್ನ ಕೈತುಂಬ ಹಸರ ಬಳಿ ಅದಾವ, ನನಗ ಬಿಳಿ ಕಣಾ ತೊಡಸಾಕ ನಿಂತೀಯೇನು? ಇದ ಕಲ್ಸಿದ್ರೇನು ನಿಮ್ಮ ಸಾಲ್ಯಾಗ?"

"ಅಲ್ಲ ತಾಯಿ, ನಾನು ಹೇಳಿದ್ದು ರಕ್ತದಲ್ಲಿ..."

"ರಕ್ತದಾಗ ಕಣಾ ಇರ್ತೈತೇನು? ಕಣಾ ಪೆಟಿಗ್ಯಾಗ ಇರ್ತೈತಿ!"

ಅತ್ತೆ, ಮಾಮಾ ಇಬ್ಬರನ್ನೂ ಕೂರಿಸಿ, ರೈತನನ್ನೂ ಸುಮ್ಮನಾಗಿಸಿ, ನಾನು ಪಾಠ ಶುರು ಮಾಡಿದೆ. ಅತ್ತಿ, ಇದು ಉಡಿ ತುಂಬೋ ಕಣ ಅಲ್ಲ. ರಕ್ತದಾಗ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಕಣ ಇರ್ತಾವ. ಕೆಂಪು ಅದಾವ, ಬಿಳಿ ಅದಾವ. ಹೊರಗಿಂದ ಏನರ ರೋಗ ಒಳಗ ಹೊಕ್ರ ಬಿಳಿ ಕಣ ಅದರ ಜೋಡಿ ಜಗಳಾ ಮಾಡ್ತಾವ. ಅವು ಕಡಿಮಿ ಆದ್ರ ಜಗಳಾ ಮಾಡೋರ ಇಲ್ಲ. ಸಣ್ಣ ಜ್ವರ ದೊಡ್ಡದಾಗ್ತೈತಿ. ಜೀವಕ್ಕ ಬರ್ತೈತಿ.

ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು: "ಅಂದ್ರ, ನನ್ನ ಮೈಯಾಗ, ಜಗಳಾ ಮಾಡೋರು, ಕಡಿಮಿ ಆಗ್ಯಾರ?"

ಮಾಮಾ ನಕ್ಕರು! ಹುಟ್ಟಿದಾಗಿನಿಂದ ನಾನು ಅವರ ನಗೆಯ ಸಪ್ಪಳ ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಟೋಪಿ ಬಿದ್ದದ್ದೂ ಗೊತ್ತಾಗದೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ನಗೆಯನ್ನು ಅತ್ತೆ ತಿಂಗಳುಗಟ್ಟಲೆ ಕ್ಷಮಿಸಲಿಲ್ಲ.

ಡಾಕ್ಟರರು ನಗಲಿಲ್ಲ. ಸೆರಗಿನ ಗಂಟು ಬಿಚ್ಚಿಸಿ, ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಹೇಳಿದರು. ಈ ಗುಳಿಗೆ ಕೆಲವರ ಮೈಗೆ ಒಗ್ಗುವುದಿಲ್ಲ, ಬಿಳಿ ಕಣಗಳನ್ನು ತಿಂದುಹಾಕುತ್ತದೆ. ಇವತ್ತಿನಿಂದಲೇ ನಿಲ್ಲಿಸಬೇಕು, ಒಂದೂ ತಗೋಬಾರದು. ಜ್ವರ ಬಂದರೆ ಆ ಕ್ಷಣವೇ ಕರೆದುಕೊಂಡು ಬರಬೇಕು. ನಿಲ್ಲಿಸಿದರೆ ಕಣಗಳು ತಾವಾಗಿಯೇ ಬೆಳೆಯುತ್ತವೆ, ನಿಲ್ಲಿಸದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಲೆಕ್ಕ ನೋಡಿ. ಹೊರಗೆ ಜಗಳ ಮಾಡಿದರೆ ತಲೆನೋವು, ತಲೆನೋವು ಬಂದರೆ ಗುಳಿಗೆ, ಗುಳಿಗೆ ನುಂಗಿದರೆ ಒಳಗಿನ ಜಗಳಗಾರರು ಖಲಾಸ್! ಇಷ್ಟು ಸರಳವಾದದ್ದನ್ನು ಯಾರಾದರೂ ಅರ್ಥ ಮಾಡಿಕೊಂಡರೇ? ಇಳಕಲ್ಲಿಗೆ ಮರಳಿದ ಮೇಲೆ ಓಣಿಯ ಹೆಂಗಸರೆಲ್ಲ ಡಾಕ್ಟರಾದರು. "ಬಿಳೇದು ಕಡಿಮಿ ಆಗೇತಂದ್ರ ಬಿಳೇದ ತಿನ್ನಬೇಕವ್ವಾ" ಎಂದಳು ಪಕ್ಕದ ಮನೆಯಾಕೆ. ಬೆಣ್ಣೆ ಬಂತು, ಬೆಳ್ಳುಳ್ಳಿ ಬಂತು, ಒಣಕೊಬ್ಬರಿ, ಚುರುಮರಿ, ಸಕ್ಕರೆ ಅಚ್ಚು. ಬದನೆಕಾಯಿ ಎಣ್ಣೆಗಾಯಿ ಕಪ್ಪು, ಅದು ಬಂದ್. ಕೆಂಪು ಖಾರ ಬಂದ್. ಪಕ್ಕದ ಮನೆಯಾಕೆ ಒಂದು ದಿನ ಜೋಳದ ರೊಟ್ಟಿಯೂ ಬಿಳಿ ಅಂದಳು. ಅತ್ತೆ ಅದು ಬಿಳಿಯಲ್ಲ, ಬೂದಿ ಬಣ್ಣ ಅಂದಳು. ನನ್ನ ಕೈಯ ರೊಟ್ಟಿ ಬಿಳಿ, ನಿನ್ನ ಕೈಯದು ಬೂದಿ ಅಂದಳು ಆಕೆ. ಮುಂದೆ ಹೇಳಬೇಕೆ? ಮಧ್ಯಾಹ್ನದವರೆಗೆ ಜಗಳ. ಜಗಳ ಮುಗಿದ ಮೇಲೆ ತಲೆನೋವು!

"ಗುಳಿಗಿ ತಗೊಂಡಿಯೇನತ್ತಿ?" ಎಂದು ಮುಂದಿನ ರವಿವಾರ ಹೋದಾಗ ಕೇಳಿದೆ.

"ನನಗೇನ ಹುಚ್ಚ ಹಿಡದೈತೇನಲೇ?" ಎಂದಳು. ನೋಡಿ, ತಗೊಂಡಿಲ್ಲ ಅನ್ನಲಿಲ್ಲ. ವಿಜ್ಞಾನ ಕಲಿಸುವ ನನಗೆ ಅದು ಆಗ ಹೊಳೆಯಲಿಲ್ಲ.

ಹೊಳೆದದ್ದು ಬನಶಂಕರಿಯಲ್ಲಿ. ಅತ್ತೆ ಹರಕೆ ಹೊತ್ತಿದ್ದಾಳೆಂದು ಬಾದಾಮಿಯಿಂದ ನಾನೇ ಅವಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯೂ ಬಾಯಿ ಸುಮ್ಮನಿರಲಿಲ್ಲ. ಕೈಮುಗಿದು, "ಅವ್ವಾ, ನಾ ಯಾರ ಜೋಡಿನೂ ಸುಮ್ಮಸುಮ್ಮನ ಜಗಳಾ ಮಾಡಿಲ್ಲ, ನಿನಗ ಗೊತ್ತೈತಿ. ಅವರ ತಪ್ಪ ಮಾಡ್ತಾರ, ನೀ ಸುಮ್ನ ಕುಂತ ನೋಡ್ತಿ. ಅದಕ್ಕ ನಾ ಹೇಳಬೇಕಾಗ್ತೈತಿ" ಎಂದು ದೇವಿಗೇ ಒಂದು ಕೊಟ್ಟಳು. ಆಮೇಲೆ ದೇವಿಗೆ ಏರಿಸಲೆಂದು ಮನೆಯಿಂದ ತಂದ ಕುಂಕುಮದ ಬರಣಿಯ ಮುಚ್ಚಳ ತೆಗೆದಳು. ಕುಂಕುಮದ ಜೊತೆಗೆ ಟಪಟಪನೆ ಗುಳಿಗೆ ಉದುರಿದವು. ಕೆಂಪು ಕುಂಕುಮ ಮೆತ್ತಿದ ಬಿಳಿ ಗುಳಿಗೆ, ದೇವಿಯ ಮುಂದಿನ ಕಲ್ಲಿನ ಮೇಲೆ ಉರುಳಾಡಿದವು!

ನನ್ನ ನೆತ್ತಿಗೆ ಬೆಂಕಿ ಬಿತ್ತು. ಒಂದೊಂದನ್ನೇ ಆಯ್ದುಕೊಂಡು ಹೊರಗೆ ಬಂದೆ. ಗುಡಿಯ ಮುಂದೆ ದೊಡ್ಡ ಹೊಂಡವಿದೆಯಲ್ಲ, ಅದರ ದಂಡೆಗೆ ಹೋಗಿ ಮುಷ್ಟಿ ತುಂಬ ಗುಳಿಗೆಯನ್ನು ನೀರಿಗೆ ಎಸೆದೆ. ಅತ್ತೆ ಹಿಂದಿನಿಂದ ಏದುಸಿರು ಬಿಡುತ್ತ ಬಂದಳು.

"ಹುಚ್ಚಿ! ಮೀನ ಸಾಯ್ತಾವಲೇ!"

"ನೀ ಸತ್ತರ?"

ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಗೊತ್ತಿರಲಿಲ್ಲ. ಕಾಯಿ ಮಾರುವವರು ಕೂಡ ತಿರುಗಿ ನೋಡಿದರು. "ಮೀನಿನ ಕಾಳಜಿ ಐತಿ ನಿನಗ! ನಮ್ಮ ಕಾಳಜಿ ಇಲ್ಲ! ಜ್ವರ ಬಂದ್ರ ಉಳಿಯಂಗಿಲ್ಲ ಅಂತ ಹೇಳ್ಯಾರ ಡಾಕ್ಟರು. ಬಾಯಿಬಿಟ್ಟ ಹೇಳ್ಯಾರ. ಏನ್ ತಿಳ್ಕೊಂಡಿ ನೀನು?"

"ನಾ ಸಾಯಂಗಿಲ್ಲ" ಎಂದಳು ಅತ್ತೆ, ಬಹಳ ಸಲೀಸಾಗಿ. "ನಾ ಸತ್ತರ ನಿಮ್ಮ ಮಾಮಾಗ ಬೈಯೋರ್ ಯಾರು?"

ಅವಳನ್ನು ಬಸ್ಸಿಗೆ ಹತ್ತಿಸಿ, ತಿರುಗಿಯೂ ನೋಡದೆ ಬಂದೆ. ಅವಳೂ ಕಿಟಕಿಯಿಂದ ನೋಡಲಿಲ್ಲವಂತೆ. ಒಂದೇ ಮನೆತನ!

ಶ್ರಾವಣ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಶಾಲೆಯ ಆಫೀಸಿಗೆ ಫೋನು ಬಂತು. ಬಾಗಲಕೋಟೆಯಿಂದ, ಮಾಮಾ. ಜೀವಮಾನದಲ್ಲಿ ಫೋನು ಹಿಡಿದವರಲ್ಲ. ತಲೆಕೆಳಗಾಗಿ ಹಿಡಿದಿದ್ದರೋ ಏನೋ, ಮೊದಲು ಬರೀ ಗರಗರ ಸಪ್ಪಳ. ಆಮೇಲೆ, "ಬಾರವ್ವಾ. ನಿಮ್ಮತ್ತಿ ಬೈಯವಲ್ಲಳು" ಎಂದರು.

ಬೈಯವಲ್ಲಳು! ಬೈಯುತ್ತಲೇ ಇಲ್ಲವಂತೆ! ಜ್ವರ ಬಂದಿದೆ ಅನ್ನಲಿಲ್ಲ, ಸೀರಿಯಸ್ ಅನ್ನಲಿಲ್ಲ. ಆದರೆ ನನಗೆ ಅದಕ್ಕಿಂತ ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ರೈಲು ಹಿಡಿದು ಬಾಗಲಕೋಟೆ ಮುಟ್ಟುವವರೆಗೆ ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಕಿರಾಣಿ ಅಂಗಡಿಯವನಿಗೆ ಬೈದೆ, ಗುಳಿಗೆ ಮಾಡಿದವನಿಗೆ ಬೈದೆ, ಬೆಣ್ಣೆ ತಿನ್ನಿಸಿದ ಪಕ್ಕದ ಮನೆಯಾಕೆಗೆ ಬೈದೆ. ಎಲ್ಲ ಮನಸ್ಸಿನಲ್ಲಿಯೇ. ನನ್ನ ಎದುರಿಗೆ ಕೂತಿದ್ದ ಅಜ್ಜ ಮಾತ್ರ ನನ್ನ ಮುಖ ನೋಡಿ ಬೇರೆ ಕಡೆ ಹೋಗಿ ಕೂತ.

ಅತ್ತೆಯನ್ನು ಎಲ್ಲರಿಂದ ಬೇರೆಯಾಗಿ, ಮೂಲೆಯ ಒಂದು ಸಣ್ಣ ಕೋಣೆಯಲ್ಲಿ ಇಟ್ಟಿದ್ದರು. ಯಾರೂ ಒಳಗೆ ಹೋಗುವಂತಿಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡಬೇಕು. ಬಿಳಿ ಕಣ ಇನ್ನೂ ಇಳಿದಿದ್ದವು. ಗುಳಿಗೆ ಈಗ ನಿಂತಿದೆ, ಇಂಜೆಕ್ಷನ್ ನಡೆದಿದೆ, ಹೊಸ ಕಣ ಹುಟ್ಟುವವರೆಗೆ ಮೈ ತಡೆದುಕೊಂಡರೆ ಉಳಿಯುತ್ತಾರೆ ಎಂದರು ಡಾಕ್ಟರರು. ಅದೇ ಮೈಸೂರಿನವರು.

ಬಾಗಿಲಲ್ಲಿ ನಿಂತು ನೋಡಿದೆ. ಹಾಸಿಗೆಯ ಮೇಲೆ ಅತ್ತೆ ಎಷ್ಟು ಸಣ್ಣಗಾಗಿದ್ದಳು! ನರ್ಸಮ್ಮ ಸೂಜಿ ಚುಚ್ಚಿದಳು. ಅತ್ತೆ ಏನೂ ಅನ್ನಲಿಲ್ಲ. ಕೆಲಸದವಳು ನೀರಿನ ತಂಬಿಗೆ ತಾಗಿಸಿ ಚೆಲ್ಲಿದಳು. ಏನೂ ಅನ್ನಲಿಲ್ಲ. ಪಕ್ಕದ ವಾರ್ಡಿನಲ್ಲಿ ಯಾರದೋ ರೇಡಿಯೋದಲ್ಲಿ ವಾರ್ತೆಯ ಕೊನೆಗೆ ಒಣಹವೆ ಬಂತು. ನಾನು ಬೈಗುಳಕ್ಕಾಗಿ ಕಾದೆ. ಅತ್ತೆಯ ರೆಪ್ಪೆ ಕೂಡ ಅಲುಗಲಿಲ್ಲ. ಆಗ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು.

"ಒಳಗ ಜಗಳಾ ಮಾಡೋರು ಯಾರೂ ಉಳದಿಲ್ಲೇನವ್ವಾ?" ಎಂದರು ಮಾಮಾ. ಬೆಂಚಿನ ಮೇಲೆ ಟೋಪಿಯನ್ನು ಕೈಯಲ್ಲಿ ಹಿಡಿದು ಕೂತಿದ್ದರು.

"ಹುಟ್ಟತಾವ್ರಿ ಮಾಮಾ. ಟೈಮ್ ಬೇಕು."

"ಹೊರಗಿಂದ ಎಬ್ಬಿಸಿದ್ರ?"

"ಹಂಗೆಲ್ಲ ಆಗಂಗಿಲ್ರಿ!" ಎಂದೆ ಸಿಡುಕಿನಿಂದ. "ಅದು ಬ್ಯಾರೆ ಜಗಳಾ, ಇದು ಬ್ಯಾರೆ ಜಗಳಾ. ಎಷ್ಟ ಸಲ ಹೇಳಬೇಕು ನಿಮ್ಮಿಬ್ರಿಗೆ?"

"ಹೌದು" ಎಂದರು ಮಾಮಾ. ಎದ್ದು ಟೋಪಿ ಹಾಕಿಕೊಂಡು, ಇಳಕಲ್ಲಿಗೆ ಹೋಗಿ ಬರ್ತೇನಿ ಎಂದರು. ನನಗೆ ತಡೆಯಲಾಗಲಿಲ್ಲ. ಹೆಂಡತಿ ಹೀಗೆ ಬಿದ್ದಿರುವಾಗ ಅಂಗಡಿಯ ಚಿಂತೆಯೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದಕ್ಕೂ ಹೌದು ಎಂದು ಹೋದರು.

ಮರುದಿನ ಊಟದ ಹೊತ್ತಿಗೆ ಬಂದರು. ಬಗಲಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಸಣ್ಣ ಗಂಟು. ಹೊರಗಿನ ಬಟ್ಟೆ ಒಳಗೆ ತರುವಂತಿಲ್ಲ ಎಂದು ನರ್ಸಮ್ಮ ಅಡ್ಡ ನಿಂತಳು. "ಒಳಗ ಬರಂಗಿಲ್ರಿ" ಎಂದು ಮಾಮಾ ಬಾಗಿಲಲ್ಲೇ ನಿಂತರು. ಬಾಯಿಗೆ ವಸ್ತ್ರ ಕಟ್ಟಿಕೊಂಡರು. ಪೇಪರು ಬಿಚ್ಚಿದರು. ಆಮೇಲೆ, ಪೇಟೆಯ ಅಂಗಡಿಯಲ್ಲಿ ಮಾಡುತ್ತಿದ್ದಂತೆಯೇ, ಒಂದೇ ಕೈಯಿಂದ ಪಟ್ಟನೆ ಖಣ ಬಿಚ್ಚಿ, ಅಂಚನ್ನು ಬೆಳಕಿಗೆ ಹಿಡಿದರು.

ಬಿಳಿ ಖಣ!

"ನೋಡ್ರಿ ಬಾಯಾರ, ಹೊಸಾ ಮಾಲು" ಎಂದರು. "ಬಿಳಿ ಕಣ ಕಡಿಮಿ ಅದಾವ ಅಂದ್ರಲ್ಲ ಡಾಕ್ಟರು. ತಂದೇನಿ. ಕಣ್ಣ ತಗದ ನೋಡು."

ಮುತ್ತೈದೆಯ ಮುಂದೆ, ಅದೂ ಈ ಸ್ಥಿತಿಯಲ್ಲಿರುವವಳ ಮುಂದೆ! ಅವರ ಕೈ ಹಿಡಿದು ಎಳೆದೆ. ಮಾಮಾ ಸರಿಯಲಿಲ್ಲ. "ನೋಡು" ಎಂದರು ಮತ್ತೆ. "ಎಂಥಾ ಬಿಳೇದೈತಿ ನೋಡು. ನಿನಗ ಅಂತನ ಇಟ್ಟಿದ್ದೆ ನೋಡು."

ಆಮೇಲೆ ಅತ್ತೆಯ ಕಣ್ಣು ತೆರೆದವು. ಮೊದಲು ಖಣ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಹುಬ್ಬು ಗಂಟಾಯಿತು. ಆ ಗಂಟು ನಾನು ಹುಟ್ಟಿದಾಗಿನಿಂದ ನೋಡಿದ್ದು! ಹುಣ್ಣಾದ ತುಟಿ ಅಲುಗಾಡಿತು. ಗಾಳಿಯಷ್ಟೇ ಬಂತು. ಮತ್ತೆ ಅಲುಗಾಡಿತು.

"ಜೀವಂತ ನಿಂತು..." ಎಂದಳು. "ಗಂಡ ಅನ್ನಾಂವ ಬಾಗಲದಾಗ ಜೀವಂತ ನಿಂತು... ಹೆಂಡ್ತಿಗೆ ಬಿಳಿ ಕಣಾ ತರ್ತಾನ..."

"ಹೌದು" ಎಂದರು ಮಾಮಾ.

"ಬುದ್ಧಿ ಐತೇನ..." ಉಸಿರು ಸಾಲಲಿಲ್ಲ. ನಿಂತಳು. ಅತ್ತೆ ಎಲ್ಲಿಂದಲೋ ಇನ್ನೊಂದು ಉಸಿರು ಎಳೆದು ತಂದಳು. "ಬುದ್ಧಿ ಐತೇನ್ರಿ ನಿಮಗ?"

"ರಿ" ಬಂದಿತ್ತು.

ಹೊಸ ಕಣಗಳು ಆ ಹೊತ್ತಿಗಾಗಲೇ ಹುಟ್ಟತೊಡಗಿದ್ದವು ಎಂದು ಡಾಕ್ಟರರು ಆಮೇಲೆ ಹೇಳಿದರು. ಗುಳಿಗೆ ನಿಂತದ್ದರಿಂದ, ಇಂಜೆಕ್ಷನ್ನಿನಿಂದ. ವಿಜ್ಞಾನದ ಟೀಚರಾದ ನಾನು ಅದನ್ನು ಒಪ್ಪುತ್ತೇನೆ, ಮಕ್ಕಳಿಗೂ ಹಾಗೆಯೇ ಕಲಿಸಿದ್ದೇನೆ. ಆದರೆ ಆ ಬಾಗಿಲಲ್ಲಿ ನಿಂತಿದ್ದ ಮನುಷ್ಯನಿಗೆ ಅದನ್ನು ಹೇಳುವ ಧೈರ್ಯ ನನಗೆ ಇಲ್ಲ. ಖಣವನ್ನು ಮುಖಕ್ಕೆ ಒತ್ತಿ ಹಿಡಿದಿದ್ದರು. ಬಿಳಿ ಬಟ್ಟೆ ಒದ್ದೆಯಾಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವರು ಅತ್ತೆಗೆ ಬೇರೆ ಉತ್ತರ ಕೊಟ್ಟರು.

"ಇಲ್ಲ" ಎಂದರು. "ಬುದ್ಧಿ ಇಲ್ಲ ನನಗ. ಬೈ. ಇನ್ನೂ ಬೈ."